ಗ್ರೈಮೋ ಡ್ರಿಲ್ಲೋ? ಬ್ರಿಟಿಷ್ ರ‍್ಯಾಪ್‌ನಲ್ಲಿ ನಿಮ್ಮ ಕಿವಿಗೆ ಹೊಂದುವುದು ಯಾವುದು

2023ರ ಬೇಸಿಗೆಯಲ್ಲಿ ಡೇವ್ ಮತ್ತು ಸೆಂಟ್ರಲ್ ಸೀ ಎಂಬ ಇಬ್ಬರು ಲಂಡನ್ ಹುಡುಗರು ಸೇರಿ ಹಾಡಿದ ‘ಸ್ಪ್ರಿಂಟರ್’ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿ ಹತ್ತು ವಾರ ಕೂತಿತ್ತು. ಆ ದೇಶದವರದ್ದೇ ಆದ ಯಾವ ರ‍್ಯಾಪ್ ಹಾಡೂ ಅದಕ್ಕೆ ಮೊದಲು ಅಷ್ಟು ದಿನ ಅಲ್ಲಿ ಉಳಿದಿರಲಿಲ್ಲ. ಅದನ್ನು ಕೇಳಿ ಮೆಚ್ಚಿದವರು ‘ಇಂಥದ್ದೇ ಇನ್ನೊಂದಿಷ್ಟು ಸಿಗಲಿ’ ಎಂದು ಮೊಬೈಲಿನಲ್ಲಿ ಹುಡುಕುತ್ತಾರೆ. ಸಿಗುವುದು ‘ಯುಕೆ ರ‍್ಯಾಪ್’ ಎಂಬ ಒಂದೇ ಹೆಸರಿನಡಿ ಗ್ರೈಮ್, ಡ್ರಿಲ್, ಆಫ್ರೊಸ್ವಿಂಗ್, ಹಿಪ್‌ಹಾಪ್ ಎಲ್ಲವನ್ನೂ ಸೇರಿಸಿದ ಕಲಸುಮೇಲೋಗರ. ಸಾರಿನ ಮೇಲೆ ಪಾಯಸ, ಪಾಯಸದ ಮೇಲೆ ಉಪ್ಪಿನಕಾಯಿ. ನಾಲ್ಕನೆಯ ಹಾಡಿಗೆ ಬೇಸತ್ತು ಬಿಟ್ಟವರನ್ನು ನಾನು ಬಲ್ಲೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ನಾನು ಶುರುಮಾಡಿದ್ದು ತಪ್ಪು ತುದಿಯಿಂದ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗ ಹೇಳಿದನೆಂದು ಡ್ರಿಲ್ ಹಾಡೊಂದನ್ನು ಹಾಕಿ, ಫೋನನ್ನು ಜೇಬಿಗಿಟ್ಟು ಕಣ್ಣು ಮುಚ್ಚಿಕೊಂಡೆ. ತಲೆಬುಡ ತಿಳಿಯಲಿಲ್ಲ, ತಿಳಿದ ಒಂದೆರಡು ಪದಗಳು ಚಾಕುವಿನ ಸುದ್ದಿಯಾಗಿದ್ದವು. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮುಂದೆ ಬೇರೆ ಬಾಗಿಲಿನಿಂದ ಒಳಹೊಕ್ಕ ಮೇಲೆ ಗೊತ್ತಾಯಿತು: ಡ್ರಿಲ್ ಅನ್ನು ಕಣ್ಣು ಬಿಟ್ಟು ನೋಡಬೇಕು, ಗ್ರೈಮನ್ನು ಗದ್ದಲದ ನಡುವೆ ಕೇಳಬೇಕು, ಇನ್ನು ಕೆಲವನ್ನು ರಾತ್ರಿ ಒಬ್ಬರೇ ಕೂತು ಕೇಳಬೇಕು.

ಆದ್ದರಿಂದ ಈ ಹೋಲಿಕೆಗೆ ನಾನು ಹಿಡಿದಿರುವ ಅಳತೆಗೋಲು ಒಂದೇ. ಹಾಡುಗಾರನ ಹೆಸರು, ಪ್ರಶಸ್ತಿ, ವೀಕ್ಷಣೆಗಳ ಸಂಖ್ಯೆ ಎಲ್ಲ ಪಕ್ಕಕ್ಕಿರಲಿ. ಈ ಬಗೆಯ ಸಂಗೀತ ಯಾವ ಯಂತ್ರಕ್ಕಾಗಿ, ಯಾವ ಜಾಗಕ್ಕಾಗಿ ಹುಟ್ಟಿತು? ನೀವು ಕೇಳುವ ಜಾಗ ಅದಕ್ಕೆ ಎಷ್ಟು ಹತ್ತಿರವಾಗಿದೆ? ಆಯ್ಕೆ ಅಲ್ಲಿಂದ ಹೊರಡಬೇಕು.

ಪೆಟ್ಟಿಗೆಗಳ ಕಾಲ

1948ರ ಜೂನಿನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗು ಟಿಲ್ಬರಿ ಬಂದರಿಗೆ ಬಂತು. ಅದರಲ್ಲೂ ಅದರ ಬೆನ್ನಿಗೂ ಕೆಲಸ ಹುಡುಕಿ ಬಂದ ಜಮೈಕಾದವರನ್ನು ಲಂಡನ್ನಿನ ಎಷ್ಟೋ ಕ್ಲಬ್ಬುಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರು ಮನೆಗಳ ನೆಲಮಾಳಿಗೆಯಲ್ಲಿ, ಬಾಡಿಗೆಯ ಸಭಾಂಗಣಗಳಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಒಟ್ಟಿ ತಮ್ಮ ಊರಿನ ‘ಸೌಂಡ್ ಸಿಸ್ಟಮ್’ ಕಟ್ಟಿಕೊಂಡರು. ರೆಕಾರ್ಡು ತಿರುಗುತ್ತಿದ್ದಂತೆ ಒಬ್ಬ ಮೈಕ್ ಹಿಡಿದು ತಾಳದ ಮೇಲೆ ಮಾತು ಪೋಣಿಸುತ್ತಿದ್ದ. ಬ್ರಿಟಿಷ್ ರ‍್ಯಾಪ್ ಅಮೆರಿಕದ ನಕಲು ಎಂದು ಹೇಳುವವರಿಗೆ ಈ ಇತಿಹಾಸ ಗೊತ್ತಿರುವುದಿಲ್ಲ. ನ್ಯೂಯಾರ್ಕಿನಲ್ಲಿ ಹಿಪ್‌ಹಾಪ್‌ಗೆ ನಾಂದಿ ಹಾಡಿದ ಡಿಜೆ ಕೂಲ್ ಹರ್ಕ್ ಕೂಡ ಹುಟ್ಟಿದ್ದು ಜಮೈಕಾದಲ್ಲೇ. ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳು ಬೇರೆ ಬೇರೆ ಊರಿನಲ್ಲಿ ಬೆಳೆದರು, ಅಷ್ಟೆ.

1980ರ ದಶಕದಲ್ಲಿ ದಕ್ಷಿಣ ಲಂಡನ್ನಿನ ಲೂಯಿಷಮ್‌ನ ಸ್ಯಾಕ್ಸನ್ ಸೌಂಡ್ ಸಿಸ್ಟಮ್‌ನವರು ಉಸಿರು ತೆಗೆಯದಂತೆ ಮಾತು ಸುರಿಸುವ ಶೈಲಿಯೊಂದನ್ನು ಬೆಳೆಸಿದರು. ಅಲ್ಲಿಂದ ಬಂದ ಸ್ಮೈಲಿ ಕಲ್ಚರ್ 1984ರಲ್ಲಿ ‘ಕಾಕ್ನಿ ಟ್ರಾನ್ಸ್‌ಲೇಷನ್’ ಎಂಬ ಹಾಡು ಮಾಡಿದ. ಪೂರ್ವ ಲಂಡನ್ನಿನ ಬಿಳಿಯ ಕೂಲಿಕಾರರ ಆಡುನುಡಿಗೆ ಜಮೈಕಾದ ಮಾತಿನಲ್ಲಿ ಅರ್ಥ ಹೇಳುವ ಹಾಡು ಅದು. ಹಾಡಿನ ರೂಪದ ನಿಘಂಟು ಎನ್ನಬಹುದು. ನಲವತ್ತು ವರ್ಷ ದಾಟಿದರೂ ನಗು ಬರಿಸುತ್ತದೆ. ಬ್ರಿಟಿಷ್ ರ‍್ಯಾಪ್‌ನ ಬೀಜವನ್ನು ಮೂರು ನಿಮಿಷದಲ್ಲಿ ತೋರಿಸು ಎಂದರೆ ನಾನು ಹಾಕುವುದು ಇದನ್ನೇ.

ಅದೇ ದಶಕದ ಕೊನೆಯ ಹೊತ್ತಿಗೆ ನೇರ ಹಿಪ್‌ಹಾಪ್ ಮಾಡಲು ಹೊರಟ ಹಲವರು ಅಮೆರಿಕದ ಉಚ್ಚಾರವನ್ನು ಎರವಲು ತಂದರು. ಬೆಂಗಳೂರಿನ ಹುಡುಗ ಪಂಜಾಬಿ ಧಾಟಿಯಲ್ಲಿ ಕನ್ನಡ ಹಾಡಿದಂತೆ ಕೇಳುತ್ತಿತ್ತು. ಲಂಡನ್ ಪಾಸಿ ಎಂಬ ತಂಡ 1990ರ ‘ಗ್ಯಾಂಗ್‌ಸ್ಟರ್ ಕ್ರಾನಿಕಲ್’ ಆಲ್ಬಮ್ಮಿನಲ್ಲಿ ತಮ್ಮ ಬೀದಿಯ ಉಚ್ಚಾರದಲ್ಲೇ ಮಾತಾಡಿತು. ಆಮೇಲೆ ಬಂದವರಿಗೆ ಆ ನಾಚಿಕೆ ಹೋಯಿತು. ಈ ಕವಲಿನಲ್ಲಿ ನನ್ನ ಮೆಚ್ಚಿನವನು ಸ್ಟಾಕ್‌ವೆಲ್‌ನ ರೂಟ್ಸ್ ಮನುವ. 2001ರ ‘ರನ್ ಕಮ್ ಸೇವ್ ಮಿ’ ಆಲ್ಬಮ್ಮಿನ ‘ವಿಟ್ನೆಸ್’ ಹಾಡಿನಲ್ಲಿ ಬಾಸ್ ಧ್ವನಿ ನೆಲದೊಳಗಿಂದ ಗುದ್ದುತ್ತದೆ. ಮೇಲೆ ಅವನು ಪಾದ್ರಿಯಂತೆ ಗಂಭೀರವಾಗಿ, ಬ್ರೆಡ್ಡಿನ ಮೇಲೆ ಚೀಸ್ ಹಾಕಿಕೊಂಡು ತಿನ್ನುವ ತೃಪ್ತಿಯ ಬಗ್ಗೆ ಹಾಡುತ್ತಾನೆ. ಅವನ ತಂದೆ ಪ್ರವಚನಕಾರರು ಎಂಬುದು ಆ ದನಿಯಲ್ಲೇ ಕೇಳಿಸುತ್ತದೆ. ಚಿನ್ನದ ಸರ, ಕಾರು ಯಾವುದೂ ಇಲ್ಲ. ಅದರ ವಿಡಿಯೊದಲ್ಲಂತೂ ಹಳೆಯ ಪ್ರಾಥಮಿಕ ಶಾಲೆಗೆ ಮರಳಿ, ಆಟೋಟದ ದಿನ ಪುಟ್ಟ ಮಕ್ಕಳ ಜೊತೆ ಓಡಿ ಗೆಲ್ಲುತ್ತಾನೆ!

ಈ ಕವಲಿನ ನಡೆ ನಿಧಾನ, ನಿಮಿಷಕ್ಕೆ ಸುಮಾರು 90 ಬಡಿತ. ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಹಳೆಯ ಅಮೆರಿಕನ್ ಹಿಪ್‌ಹಾಪ್ ಅಥವಾ ರೆಗೆ ಕೇಳಿ ರೂಢಿಯಿದ್ದವರಿಗೆ ಇದು ತವರಿನಂತೆ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಾಕಬೇಡಿ. ಅರ್ಧ ಹಾಡು ಬಾಸ್‌ನಲ್ಲಿದೆ, ಅದು ಕೇಳಿಸುವುದೇ ಇಲ್ಲ.

ಮಹಡಿಯ ಮೇಲಿನ ಏರಿಯಲ್

ಗ್ರೈಮ್‌ಗೆ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ ಜಗತ್ತಿಗೆ ಕೊಟ್ಟ ಅಪ್ಪಟ ಸ್ವಂತ ಸರಕು ಇದು.

2000ದ ಸುಮಾರಿನಲ್ಲಿ ಲಂಡನ್ನಿನ ಕ್ಲಬ್ಬುಗಳಲ್ಲಿ ಮೆರೆಯುತ್ತಿದ್ದದ್ದು ಗ್ಯಾರೇಜ್ ಎಂಬ ನುಣುಪಾದ ಕುಣಿತದ ಸಂಗೀತ. ಬ್ಯಾಟರ್‌ಸಿಯ ಸೋ ಸಾಲಿಡ್ ಕ್ರೂ ಎಂಬ ದೊಡ್ಡ ಗುಂಪು 2001ರಲ್ಲಿ ‘21 ಸೆಕೆಂಡ್ಸ್’ ಹಾಡಿನಿಂದ ಮೊದಲ ಸ್ಥಾನಕ್ಕೇರಿತು. ಒಬ್ಬೊಬ್ಬರಿಗೆ ಸಿಕ್ಕಿದ್ದು ಇಪ್ಪತ್ತೊಂದೇ ಸೆಕೆಂಡು. ಹೆಸರು ಬಂದದ್ದು ಅದರಿಂದ. ಅದೇ ಹೊತ್ತಿಗೆ ಪೂರ್ವ ಲಂಡನ್ನಿನ ಬೋ ಎಂಬ ಬಡಾವಣೆಯಲ್ಲಿ, ಕೆನರಿ ವಾರ್ಫ್‌ನ ಬ್ಯಾಂಕುಗಳ ಗಾಜಿನ ಗೋಪುರಗಳು ಕಿಟಕಿಯಿಂದ ಕಾಣುವ ಸರ್ಕಾರಿ ವಸತಿ ಕಟ್ಟಡಗಳಲ್ಲಿ, ಹದಿಹರೆಯದ ಹುಡುಗರು ಗ್ಯಾರೇಜಿನ ನುಣುಪನ್ನೆಲ್ಲ ಕೆರೆದು ತೆಗೆದರು. ಉಳಿದದ್ದು ಬರಿಯ ಎಲುಬು: ಚೂಪಾದ ಕೃತಕ ಧ್ವನಿಗಳು, ನಡುನಡುವೆ ಖಾಲಿ ಜಾಗ, ನಿಮಿಷಕ್ಕೆ 140ರಷ್ಟು ಬಡಿತ. ಸ್ಟುಡಿಯೊ ಯಾರಿಗಿತ್ತು? ಫ್ರೂಟಿಲೂಪ್ಸ್ ಎಂಬ ಅಗ್ಗದ ಸಾಫ್ಟ್‌ವೇರ್, ಕೆಲವರಿಗೆ ಪ್ಲೇಸ್ಟೇಷನ್ನಿನ ಸಂಗೀತದ ಆಟ, ಡಿಜಿ ರಾಸ್ಕಲ್ ಎಂಬ ಹುಡುಗನಿಗೆ ಶಾಲೆಯ ಸಂಗೀತ ಕೊಠಡಿಯ ಕಂಪ್ಯೂಟರು. ವೈಲಿ ಎಂಬಾತ 2002ರಲ್ಲಿ ಹೊರತಂದ ‘ಎಸ್ಕಿಮೊ’ ಎಂಬ ಹಾಡಿಲ್ಲದ ಬೀಟ್ ಕೇಳಿದರೆ ಆ ಸದ್ದಿನ ಚಳಿ ಇಂದಿಗೂ ಮೈಗೆ ತಾಗುತ್ತದೆ. (ಇದೇ ವೈಲಿ 2020ರಲ್ಲಿ ಯಹೂದಿಗಳ ಬಗ್ಗೆ ಹಾಕಿದ ದ್ವೇಷದ ಪೋಸ್ಟುಗಳಿಂದ ಮರ್ಯಾದೆ ಕಳೆದುಕೊಂಡ, 2024ರಲ್ಲಿ ಅವನ ಸರ್ಕಾರಿ ಗೌರವವನ್ನೂ ಹಿಂದಕ್ಕೆ ಪಡೆದರು. ಗ್ರೈಮ್‌ನ ಕಥೆಯಿಂದ ಅವನನ್ನು ಅಳಿಸಲೂ ಆಗದು, ತಲೆಯ ಮೇಲೆ ಹೊರಲೂ ಆಗದು.)

ಈ ಹಾಡುಗಳು ಮನೆಮನೆಗೆ ಹೋದದ್ದು ಪೈರೇಟ್ ರೇಡಿಯೊದಿಂದ, ಅಂದರೆ ಪರವಾನಗಿಯಿಲ್ಲದ ಬಾನುಲಿಯಿಂದ. ಎತ್ತರದ ಕಟ್ಟಡದ ಮಹಡಿಯ ಮೇಲೆ ಕದ್ದು ಏರಿಯಲ್ ನಿಲ್ಲಿಸುವುದು, ಯಾವುದೋ ಫ್ಲ್ಯಾಟಿನ ಕೋಣೆಯಲ್ಲಿ ಹತ್ತು ಹುಡುಗರು ಒಂದು ಮೈಕಿಗೆ ಸಾಲುಗಟ್ಟುವುದು, ಅಧಿಕಾರಿಗಳು ಬಂದು ಏರಿಯಲ್ ಕಿತ್ತರೆ ಇನ್ನೊಂದು ಕಟ್ಟುವುದು. 1994ರಲ್ಲಿ ಹೀಗೆ ಶುರುವಾದ ರಿನ್ಸ್ ಎಫ್‌ಎಂ ಪರವಾನಗಿ ಪಡೆದದ್ದು 2010ರಲ್ಲಿ. ಗ್ರೈಮ್‌ನ ರಚನೆಯೆಲ್ಲ ಆ ಕೋಣೆಯಿಂದಲೇ ಬಂದಿದೆ. ಸರದಿ ಬಂದಾಗ ಎಂಟು ಸಾಲಿನಲ್ಲೋ ಹದಿನಾರು ಸಾಲಿನಲ್ಲೋ ಹೇಳಬೇಕಾದದ್ದನ್ನು ಹೇಳಿ ಮುಗಿಸಬೇಕು, ಇಲ್ಲವಾದರೆ ಪಕ್ಕದವನು ಮೈಕ್ ಕಸಿಯುತ್ತಾನೆ. ಒಂದು ಸಾಲು ಚೆನ್ನಾಗಿ ಬಿದ್ದರೆ ಡಿಜೆ ರೆಕಾರ್ಡನ್ನು ಹಿಂದಕ್ಕೆಳೆದು ಮೊದಲಿನಿಂದ ನುಡಿಸುತ್ತಾನೆ. ಅದಕ್ಕೆ ‘ರೀಲೋಡ್’ ಎನ್ನುತ್ತಾರೆ, ಅದೂ ಜಮೈಕಾದಿಂದ ಬಂದ ಪದ್ಧತಿ. ನಮ್ಮ ‘ಒನ್ಸ್ ಮೋರ್’ ಹಾಡು ಮುಗಿದ ಮೇಲೆ ಬರುತ್ತದೆ, ಅವರದ್ದು ನಡುವೆಯೇ.

ಇನ್ನೊಂದು ಅಂಗ ಜಿದ್ದಾಜಿದ್ದಿ. ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಮಾತಿನಲ್ಲಿ ಹಣಿಯುವುದು. 2004ರಲ್ಲಿ ಜಾಮರ್ ಎಂಬಾತ ಲೇಟನ್‌ಸ್ಟೋನಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಇದನ್ನು ಚಿತ್ರೀಕರಿಸಿ ‘ಲಾರ್ಡ್ ಆಫ್ ದ ಮೈಕ್ಸ್’ ಎಂಬ ಡಿವಿಡಿ ಮಾರಿದ. ವೈಲಿಗೂ ಕೇನೋಗೂ ನಡೆದ ಪಂದ್ಯ ಅದರಲ್ಲೇ ಇದೆ. ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಲಾವಣಿಯ ಸವಾಲು ಜವಾಬು ಕೇಳಿದವರಿಗೆ ಈ ಹುಮ್ಮಸ್ಸನ್ನು ಯಾರೂ ವಿವರಿಸಬೇಕಿಲ್ಲ.

ಗ್ರೈಮ್‌ನಲ್ಲಿ ಎರಡು ಬಾಗಿಲುಗಳಿವೆ. ಮೊದಲನೆಯದು ಡಿಜಿ ರಾಸ್ಕಲ್‌ನ ‘ಬಾಯ್ ಇನ್ ದ ಕಾರ್ನರ್’, 2003. ಆ ವರ್ಷ ಅದಕ್ಕೆ, ಬ್ರಿಟನ್ನಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂದಾಗ ಅವನಿಗೆ ಹದಿನೆಂಟು ವರ್ಷ. ಹೆದರಿದ, ಕೆರಳಿದ ಹುಡುಗನ ಕೀರಲು ದನಿ. ಅದ್ಭುತ ಆಲ್ಬಮ್, ಆದರೆ ಹೊಸಬರಿಗೆ ಗಾಜು ಅಗಿದಂತೆ ಇರಬಹುದು. ಎರಡನೆಯದು ಸ್ಕೆಪ್ಟಾನ ‘ಕೊನ್ನಿಚಿವಾ’, 2016, ಇದಕ್ಕೂ ಅದೇ ಪ್ರಶಸ್ತಿ. ನಡುವಿನ ವರ್ಷಗಳಲ್ಲಿ ಗ್ರೈಮ್‌ನ ಹಲವರು ಹಣಕ್ಕಾಗಿ ಪಾಪ್ ಹಾಡುಗಳತ್ತ ಹೊರಳಿದ್ದರು. ಸ್ಕೆಪ್ಟಾ ತಾನೂ ಹೋಗಿ ನೋಡಿ, ಸಾಕಾಗಿ, 2014ರಲ್ಲಿ ‘ದಟ್ಸ್ ನಾಟ್ ಮಿ’ ಎಂದು ಮರಳಿದ. ಎಂಬತ್ತು ಪೌಂಡಿನಲ್ಲಿ ಮಾಡಿದ್ದು ಎನ್ನಲಾದ ಅದರ ವಿಡಿಯೊಕ್ಕೆ ಕಪ್ಪು ಮೂಲದ ಸಂಗೀತಕ್ಕೆ ಕೊಡುವ ಮೊಬೊ ಪ್ರಶಸ್ತಿ ಆ ವರ್ಷ ಬಂತು. ಕಿವಿ ಇನ್ನೂ ಪಳಗಿಲ್ಲದಿದ್ದರೆ ಎರಡನೆಯ ಬಾಗಿಲು ಸುಲಭ.

ಸ್ಟಾರ್ಮ್‌ಜಿ ಹಾಗಿದ್ದರೆ ಎಲ್ಲಿ? ಅವನು ಗ್ರೈಮ್‌ನ ಬೆಂಕಿಯ ಜೊತೆಗೆ ಚರ್ಚಿನ ಗಾಯನವನ್ನೂ ಇಟ್ಟುಕೊಂಡವನು. 2017ರ ‘ಗ್ಯಾಂಗ್ ಸೈನ್ಸ್ ಅಂಡ್ ಪ್ರೇಯರ್’ ಮೊದಲ ಸ್ಥಾನಕ್ಕೇರಿದ ಮೊದಲ ಗ್ರೈಮ್ ಆಲ್ಬಮ್. 2019ರ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಯಲ್ಲಿ, ಗೋಡೆ ಚಿತ್ರಗಳ ಅನಾಮಿಕ ಕಲಾವಿದ ಬ್ಯಾಂಕ್ಸಿ ರೂಪಿಸಿದ, ಬ್ರಿಟನ್ನಿನ ಧ್ವಜದ ಚಿತ್ರವಿದ್ದ, ಚಾಕು ತಡೆಯುವ ಕವಚ ತೊಟ್ಟು ನಿಂತ. ಆ ವೇದಿಕೆಯ ಪ್ರಧಾನ ಸ್ಥಾನಕ್ಕೆ ಬ್ರಿಟನ್ನಿನ ಕಪ್ಪು ಗಾಯಕನೊಬ್ಬ ಒಬ್ಬನೇ ಬಂದದ್ದು ಅದೇ ಮೊದಲು. ಆದರೂ ಗ್ರೈಮ್ ಎಂದರೇನು ಎಂದು ತಿಳಿಯಲು ಅವನ ಆಲ್ಬಮ್ ಬೇಡ. ಉದ್ಯಾನವೊಂದರಲ್ಲಿ ಗೆಳೆಯರ ನಡುವೆ ನಿಂತು ಹಾಡಿದ 2015ರ ‘ಶಟ್ ಅಪ್’ ಸಾಕು.

ಗ್ರೈಮ್ ಯಾರಿಗೆ? ಓಡುವಾಗ, ವ್ಯಾಯಾಮ ಮಾಡುವಾಗ, ನಾಲ್ಕು ಜನ ಗೆಳೆಯರ ಜೊತೆ ಕಾರಿನಲ್ಲಿ ಹೋಗುವಾಗ ಕೇಳುವವರಿಗೆ. ಓದುತ್ತಾ ಹಿನ್ನೆಲೆಗೆ ಹಾಕಿಕೊಳ್ಳುವ ಸಂಗೀತ ಇದಲ್ಲ. ಅದು ನಿಮ್ಮನ್ನು ಓದಲು ಬಿಡುವುದಿಲ್ಲ.

ಕ್ಯಾಮೆರಾದ ಮುಂದೆ

ಗ್ರೈಮ್ ಮತ್ತು ಡ್ರಿಲ್ ಎರಡನ್ನೂ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಲೆಕ್ಕಕ್ಕೆ ಎರಡರ ವೇಗವೂ 140ರ ಆಸುಪಾಸು. ಆದರೆ ಗ್ರೈಮ್ ಅಷ್ಟೂ ವೇಗದಲ್ಲಿ ಓಡುತ್ತದೆ; ಡ್ರಿಲ್ ಅದರ ಅರ್ಧ ನಡೆಯಲ್ಲಿ, ಭುಜ ಅಲುಗಿಸುತ್ತಾ ನಡೆಯುತ್ತದೆ. ಗ್ರೈಮ್‌ನ ಎಂಸಿ, ಅಂದರೆ ಮೈಕ್ ಹಿಡಿದವನು, ಕೂಗುತ್ತಾನೆ, ಡ್ರಿಲ್‌ನವನು ಗೊಣಗುತ್ತಾನೆ. ಗುರುತು ಹಿಡಿಯಲು ಒಂದೇ ಉಪಾಯ ಸಾಕೆಂದರೆ ಬಾಸ್ ಕೇಳಿ: ವೀಣೆಯ ಮೀಂಡಿನಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಿದ್ದರೆ ಅದು ಡ್ರಿಲ್.

ಹೆಸರೂ ಮೊದಲ ರೂಪವೂ ಷಿಕಾಗೊದವು. 2010ರ ನಂತರ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಸುತ್ತಲಿನ ಹುಡುಗರು ಅದನ್ನು ತಂದು ತಮ್ಮದಾಗಿಸಿಕೊಂಡರು. ಅದಕ್ಕೆ ಮೊದಲೇ ಪೆಕಮ್‌ನ ಗಿಗ್ಸ್ ‘ಟಾಕಿನ್ ದ ಹಾರ್ಡೆಸ್ಟ್’ ಮುಂತಾದ ಹಾಡುಗಳಲ್ಲಿ ನಿಧಾನದ, ತಳದ ದನಿಯ ಬೀದಿ ರ‍್ಯಾಪ್‌ಗೆ ನೆಲ ಹದಮಾಡಿದ್ದ. ರೇಡಿಯೊ ಹಂಗು ಇಲ್ಲಿ ಇಲ್ಲ. 2006ರಲ್ಲಿ ಜಮಾಲ್ ಎಡ್ವರ್ಡ್ಸ್ ಎಂಬ ಹದಿಹರೆಯದ ಹುಡುಗ ಕೈಯಲ್ಲಿ ಕ್ಯಾಮೆರಾ ಹಿಡಿದು ಶುರುಮಾಡಿದ ಎಸ್‌ಬಿಟಿವಿ, ಆಮೇಲೆ ಬಂದ ಜಿಆರ್‌ಎಂ ಡೈಲಿ, ಲಿಂಕ್ ಅಪ್ ಟಿವಿ ಮುಂತಾದ ಯೂಟ್ಯೂಬ್ ಚಾನೆಲ್ಲುಗಳೇ ಇವರ ಆಕಾಶವಾಣಿ. ಮುಖಕ್ಕೆ ಮುಸುಕು, ಗುಂಪಿಗೆ ಹೆಸರಿನ ಬದಲು ‘67’ರಂಥ ಸಂಖ್ಯೆ, ಹಾಡಿನ ನಡುವೆ ಕೆಲವು ಹೆಸರುಗಳ ಜಾಗದಲ್ಲಿ ಮೌನ. ಇವೆಲ್ಲ ಕಣ್ಣಿಗೆ ಕಾಣದೆ ಅರ್ಧ ಅರ್ಥ ಕೈತಪ್ಪುತ್ತದೆ. 2017ರಲ್ಲಿ ನಮ್ಮೂರ ಹುಡುಗರೂ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡು ನಕ್ಕ ‘ಮ್ಯಾನ್ಸ್ ನಾಟ್ ಹಾಟ್’ ನೆನಪಿದೆಯೇ? ಕೋಟು ತೆಗೆಯದೆ ಬೆವರುವ ಆ ಹಾಸ್ಯಗಾರ ಹಾಡಿದ್ದು 67 ತಂಡದ ಹಾಡಿನ ಬೀಟ್ ಮೇಲೆಯೇ. ನಿಮಗೆ ಗೊತ್ತಿಲ್ಲದೆ ನೀವಾಗಲೇ ಡ್ರಿಲ್ ಕೇಳಿದ್ದೀರಿ.

ತಕರಾರಿನ ಭಾಗವನ್ನು ಮುಚ್ಚಿಡಬಾರದು. ಹಾಡುಗಳಲ್ಲಿ ಎದುರಾಳಿ ಗುಂಪಿಗೆ ಬೆದರಿಕೆ ಇರುತ್ತದೆ, ಕೆಲವೊಮ್ಮೆ ಬೀದಿಯಲ್ಲಿ ರಕ್ತವೂ ಹರಿದಿದೆ. 2018ರಲ್ಲಿ ಲಂಡನ್ ಪೊಲೀಸರ ಕೋರಿಕೆಯಂತೆ ಯೂಟ್ಯೂಬ್ ಹಲವು ವಿಡಿಯೊಗಳನ್ನು ತೆಗೆದುಹಾಕಿತು. 2019ರ ಜನವರಿಯಲ್ಲಿ ಸ್ಕೆಂಗ್ಡೊ ಮತ್ತು ಎಎಂ ಎಂಬ ಇಬ್ಬರಿಗೆ, ನ್ಯಾಯಾಲಯದ ನಿರ್ಬಂಧ ಮೀರಿ ಒಂದು ಹಾಡು ಹಾಡಿದ್ದಕ್ಕೆ, ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ಆಯಿತು. ಪೊಲೀಸರ ಕಣ್ಣು ಅದಕ್ಕೂ ಹಿಂದಿನದು. 2005ರಲ್ಲಿ ಬಂದ ‘ಫಾರ್ಮ್ 696’ ಎಂಬ ನಮೂನೆಯಲ್ಲಿ ಕಾರ್ಯಕ್ರಮ ನಡೆಸುವವರು ಯಾವ ಬಗೆಯ ಸಂಗೀತ ಎಂದು ಬರೆದುಕೊಡಬೇಕಿತ್ತು. ಮೊದಮೊದಲು ಯಾವ ಜನಾಂಗದವರು ಬರುತ್ತಾರೆ ಎಂಬ ಪ್ರಶ್ನೆಯೂ ಇತ್ತು. ಅದು ರದ್ದಾಗಲು 2017ರ ನವೆಂಬರ್ ಆಗಬೇಕಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಹಾಡನ್ನು ಅಳಿಸಿದ ಮಾತ್ರಕ್ಕೆ ಬೀದಿಯ ಹಗೆ ಅಳಿಯುವುದಿಲ್ಲ. ಹಾಗೆಂದು ಎಲ್ಲ ಡ್ರಿಲ್ಲೂ ‘ಬಡವರ ದನಿ’ ಎಂದು ಹಾರ ಹಾಕುವುದೂ ನನಗೆ ಒಗ್ಗುವುದಿಲ್ಲ. ಅದರಲ್ಲಿ ಬರಿಯ ಜಂಬವೂ ಬೇಕಾದಷ್ಟಿದೆ.

ಸಂಗೀತವಾಗಿ ಮಾತ್ರ ಇದರ ಓಟ ದೊಡ್ಡದು. ಪೂರ್ವ ಲಂಡನ್ನಿನ ಇಲ್ಫರ್ಡಿನ 808ಮೆಲೊ ಮಾಡಿದ ಬೀಟುಗಳ ಮೇಲೆ ಬ್ರೂಕ್ಲಿನ್ನಿನ ಪಾಪ್ ಸ್ಮೋಕ್ 2019ರಲ್ಲಿ ‘ವೆಲ್‌ಕಮ್ ಟು ದ ಪಾರ್ಟಿ’ ಹಾಡಿದಾಗ, ರ‍್ಯಾಪ್‌ನ ತವರಿಗೆ ಲಂಡನ್ ಸರಕು ರಫ್ತಾಯಿತು. 2021ರಲ್ಲಿ ಟಿಯಾನ್ ವೇಯ್ನ್ ಮತ್ತು ರಸ್ ಮಿಲಿಯನ್ಸ್ ಅವರ ‘ಬಾಡಿ’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಡ್ರಿಲ್ ಹಾಡಾಯಿತು. ಅಂಚನ್ನು ಮೊಂಡಾಗಿಸಿ ರಾಗ ಸೇರಿಸಿದವನು ಶೆಪರ್ಡ್ಸ್ ಬುಷ್‌ನ ಸೆಂಟ್ರಲ್ ಸೀ. 2025ರ ಅವನ ‘ಕಾಂಟ್ ರಷ್ ಗ್ರೇಟ್‌ನೆಸ್’ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಡ್ರಿಲ್ ನೋಡಬೇಕು ಎಂಬ ಆಸೆ ಇದ್ದು, ಹಿಂಸೆಯ ಮಾತು ಕೇಳಲಾಗದು ಎನ್ನುವವರಿಗೆ ಅವನೇ ಸೇತುವೆ. ‘ಸ್ಪ್ರಿಂಟರ್’ ಮೆಚ್ಚಿದವರು ಹುಡುಕುತ್ತಿರುವುದು ಬಹುಶಃ ಇದನ್ನೇ: ಗಿಟಾರಿನ ಎಳೆ, ಹಗುರಾದ ಡ್ರಿಲ್ ನಡೆ.

ಕುಣಿಯುವುದೇ ಉದ್ದೇಶವಾದರೆ ಮೇಲಿನದೆಲ್ಲ ಬಿಟ್ಟು ಜೆ ಹಸ್‌ನ ‘ಕಾಮನ್ ಸೆನ್ಸ್’ ಹಾಕಿ, 2017ರದ್ದು. ಪಶ್ಚಿಮ ಆಫ್ರಿಕಾದ ತಾಳ, ಜಮೈಕಾದ ಲಯ, ಲಂಡನ್ನಿನ ಮಾತು. ಆಫ್ರೊಸ್ವಿಂಗ್ ಎಂದು ಹೆಸರು. ಮದುವೆ ಮನೆಯ ಆರತಕ್ಷತೆಯಲ್ಲಿ ಹಾಕಿದರೂ ಅಜ್ಜಿಯರು ಮುಖ ಸಿಂಡರಿಸಲಾರರು, ಮಾತು ಅರ್ಥವಾಗದಿದ್ದರೆ.

ಒಬ್ಬರೇ ಕೇಳುವ ಹಾಡು

ಹೆಡ್‌ಫೋನ್ ಹಾಕಿಕೊಂಡು ಒಂದು ಆಲ್ಬಮ್ಮನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಕೇಳುವ ವ್ಯವಧಾನ ಇದ್ದರೆ, ಆಯ್ಕೆ ಇಲ್ಲಿದೆ. ಇವರನ್ನು ಒಂದು ಪಂಗಡದ ಹೆಸರಿಗೆ ಕಟ್ಟಲಾಗದು.

ಹಿರಿಯನಿಂದ ಶುರುಮಾಡಿದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಮೈಕ್ ಸ್ಕಿನ್ನರ್, ಅವನ ತಂಡದ ಹೆಸರು ದ ಸ್ಟ್ರೀಟ್ಸ್. 2004ರ ‘ಎ ಗ್ರ್ಯಾಂಡ್ ಡೋಂಟ್ ಕಮ್ ಫಾರ್ ಫ್ರೀ’ ಮನೆಯಲ್ಲಿಟ್ಟ ಸಾವಿರ ಪೌಂಡು ಕಾಣೆಯಾದವನ ಕಥೆ. ಹಣ ಹೋಗುತ್ತದೆ, ಹುಡುಗಿ ಹೋಗುತ್ತಾಳೆ, ಕೊನೆಗೆ ಹಣ ಎಲ್ಲಿತ್ತು ಎಂಬುದನ್ನು ನಾನು ಹೇಳುವುದಿಲ್ಲ. ಪ್ರಾಸ ಸಾಲಿನಿಂದ ಹೊರಗೆ ಚೆಲ್ಲುತ್ತದೆ, ತಾಳಕ್ಕೂ ಮಾತಿಗೂ ಆಗಾಗ ಜಗಳ. ಶಾಸ್ತ್ರ ನೋಡುವವರಿಗೆ ಕಿರಿಕಿರಿಯಾದೀತು. ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳಲು ಒದ್ದಾಡುವವರಿಗೆ ಮಾತ್ರ ಇದಕ್ಕಿಂತ ಸರಳವಾದ ಆರಂಭ ಇಲ್ಲ, ಏಕೆಂದರೆ ಅವನು ಹಾಡುವುದಕ್ಕಿಂತ ಹರಟುವುದೇ ಹೆಚ್ಚು.

ಡೇವ್ ಮತ್ತು ಲಿಟಲ್ ಸಿಮ್ಜ್ ನಡುವೆ ಆರಿಸುವುದು ಕಷ್ಟ. ಇಬ್ಬರೂ ಲಂಡನ್ನಿನವರು, ಇಬ್ಬರದ್ದೂ ನೈಜೀರಿಯಾ ಮೂಲ, ಇಬ್ಬರಿಗೂ ಮರ್ಕ್ಯುರಿ ಬಂದಿದೆ: ಅವನಿಗೆ 2019ರಲ್ಲಿ ‘ಸೈಕೋಡ್ರಾಮಾ’ಕ್ಕೆ, ಅವಳಿಗೆ 2022ರಲ್ಲಿ ‘ಸಮ್‌ಟೈಮ್ಸ್ ಐ ಮೈಟ್ ಬಿ ಇಂಟ್ರೊವರ್ಟ್’ಗೆ. ಲಂಡನ್ನಿನ ಬೀದಿ ಗುಂಪುಗಳ ಕಥೆಯ ‘ಟಾಪ್ ಬಾಯ್’ ಟಿವಿ ಸರಣಿಯಲ್ಲಿ ಇಬ್ಬರೂ ನಟಿಸಿದ್ದಾರೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಡೇವ್ ಆಲ್ಬಮ್ ಇಡೀ ಮನೋವೈದ್ಯರ ಮುಂದೆ ಕೂತವನ ಮಾತು. ಪಿಯಾನೊ ಒಂದೇ ಸಮನೆ ಹಿಂದೆ ನುಡಿಯುತ್ತಿರುತ್ತದೆ. ‘ಲೆಸ್ಲಿ’ ಎಂಬ ಹನ್ನೊಂದು ನಿಮಿಷದ ಹಾಡು, ಗಂಡಸಿನ ಹಿಂಸೆಗೆ ಸಿಕ್ಕ ಹೆಣ್ಣೊಬ್ಬಳ ಕಥೆ. ಅದನ್ನು ಎರಡನೆಯ ಸಲ ಕೇಳಲು ನನಗೆ ಒಂದು ವಾರ ಬೇಕಾಯಿತು. ಕೊನೆಯ ಹಾಡಿನಲ್ಲಿ ಜೈಲಿನಲ್ಲಿರುವ ಅಣ್ಣನ ದೂರವಾಣಿ ಕರೆ ಕೇಳಿಸುತ್ತದೆ. ಸಿಮ್ಜ್ ಆಲ್ಬಮ್ಮಿನಲ್ಲಿ ಕತ್ತಲೆಗಿಂತ ಮೆರವಣಿಗೆ ಹೆಚ್ಚು. ಕಹಳೆ, ಪಿಟೀಲು, ಕೋರಸ್ಸು ತುಂಬಿಕೊಂಡು ಬರುತ್ತವೆ. ನಡುವೆ ಅವಳು ತಣ್ಣಗಿನ ದನಿಯಲ್ಲಿ ತಂದೆಯ ಮೇಲಿನ ಮುನಿಸನ್ನು ಬಿಚ್ಚಿಡುತ್ತಾಳೆ. ಶೀರ್ಷಿಕೆಯ ಪದಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ‘ಸಿಂಬಿ’, ಮನೆಮಂದಿ ಅವಳನ್ನು ಕರೆಯುವ ಹೆಸರು. ಕಥೆ ಬೇಕಾದವರು ಡೇವ್‌ನನ್ನು, ಸಂಗೀತ ಬೇಕಾದವರು ಸಿಮ್ಜ್‌ಳನ್ನು ಆರಿಸಲಿ. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಸಿಮ್ಜ್ ಕಡೆ ವಾಲುತ್ತೇನೆ, ಪದೇ ಪದೇ ಕೇಳಲು ಆಗುವುದರಿಂದ.

ಬೆಳಗಿನ ಕಾಫಿಗೆ ಹೊಂದುವ ರ‍್ಯಾಪ್ ಉಂಟೇ ಎಂದು ಗೆಳತಿಯೊಬ್ಬಳು ಕೇಳಿದ್ದಳು. ಉಂಟು. ಲಾಯ್ಲ್ ಕಾರ್ನರ್‌ನ ‘ನಾಟ್ ವೇವಿಂಗ್, ಬಟ್ ಡ್ರೌನಿಂಗ್’, 2019. ಮನೆ ಬಿಟ್ಟು ಹೊರಡುವ ಮಗ ಅಮ್ಮನಿಗೆ ಬರೆದ ಪತ್ರದಿಂದ ಶುರುವಾಗಿ, ಅಮ್ಮ ತನ್ನದೇ ದನಿಯಲ್ಲಿ ಕೊಡುವ ಉತ್ತರದಿಂದ ಮುಗಿಯುತ್ತದೆ.

ಭಾಷೆಯ ತೊಡಕು

ಯಾವ ಕವಲು ಹಿಡಿದರೂ ಎದುರಾಗುವುದು ಲಂಡನ್ನಿನ ಹೊಸ ಆಡುನುಡಿ. ‘ಎಂಡ್ಸ್’ ಎಂದರೆ ನಮ್ಮ ಏರಿಯಾ, ‘ಮ್ಯಾಂಡೆಮ್’ ಎಂದರೆ ನಮ್ಮ ಹುಡುಗರು, ‘ಬೇರ್’ ಎಂದರೆ ಬರಿದು ಅಲ್ಲ, ಬೇಕಾದಷ್ಟು. ‘ವಾಗ್ವಾನ್’ ಜಮೈಕಾದಿಂದ, ‘ವಲ್ಲಾಹಿ’ ಅರಬ್ಬಿಯಿಂದ. ಕಷ್ಟದ ಕ್ರಮದಲ್ಲಿ ಹೇಳುವುದಾದರೆ ಡ್ರಿಲ್ ಎಲ್ಲಕ್ಕಿಂತ ಬಿಗಿ, ಆಮೇಲೆ ಗ್ರೈಮ್. ಡೇವ್, ಸಿಮ್ಜ್, ಕಾರ್ನರ್ ಸಾಕಷ್ಟು ಸ್ಪಷ್ಟ. ಮೊದಲ ಸಲ ಸಾಹಿತ್ಯ ನೋಡದೆ ಕೇಳಿ, ಎರಡನೆಯ ಸಲ ಸಾಹಿತ್ಯ ತೆರೆದಿಟ್ಟುಕೊಳ್ಳಿ. ಉಲ್ಟಾ ಮಾಡಿದರೆ ಪರೀಕ್ಷೆಗೆ ಓದಿದಂತಾಗುತ್ತದೆ.

ಭಾರತದ ಕಿವಿಗೆ ಪರಿಚಿತವಾದ ಎಳೆಯೊಂದೂ ಇದರಲ್ಲಿದೆ. ಬರ್ಮಿಂಗ್‌ಹ್ಯಾಮ್‌ನ ಕಪ್ಪು ರ‍್ಯಾಪರ್ ಮಿಸ್ಟ್ ಪಂಜಾಬಿ ಪದಗಳನ್ನು ಸಲೀಸಾಗಿ ಎರಚುತ್ತಾನೆ, ಏಕೆಂದರೆ ಅವನು ಬೆಳೆದ ಬೀದಿಯಲ್ಲಿ ಅದೂ ಆಡುಮಾತು. ಅವನ ಹಾಡುಗಳಿಗೆ ಬೀಟ್ ಕೊಟ್ಟ ಸ್ಟೀಲ್ ಬ್ಯಾಂಗಲ್ಜ್ ಲಂಡನ್ನಿನ ಪಂಜಾಬಿ ಮನೆತನದವನು. 2019ರಲ್ಲಿ ಈ ಇಬ್ಬರು, ಸ್ಟೆಫ್ಲಾನ್ ಡಾನ್ ಮತ್ತು ಸಿಧು ಮೂಸೆವಾಲಾ ಸೇರಿ ‘47’ ಮಾಡಿದರು. ಶ್ರೀಲಂಕಾದ ತಮಿಳು ಕುಟುಂಬದ, ಎಂಐಎ ಎಂಬ ಹೆಸರಿನ ಲಂಡನ್ ಗಾಯಕಿ ತನ್ನ 2007ರ ‘ಕಾಲಾ’ ಆಲ್ಬಮ್ಮಿನ ಒಂದಷ್ಟನ್ನು ಚೆನ್ನೈನಲ್ಲಿ ರೆಕಾರ್ಡ್ ಮಾಡಿದಳು. ದಕ್ಷಿಣದ ಚರ್ಮವಾದ್ಯಗಳ ಏಟನ್ನು ಅದರಲ್ಲಿ ನೀವು ಗುರುತಿಸುತ್ತೀರಿ.

ಇದೆಲ್ಲ ಈಗ ಇಷ್ಟು ಸುಲಭವಾಗಿ ನಮ್ಮ ಕೈಗೆ ಸಿಗುತ್ತಿರುವುದಕ್ಕೆ ಕಾರಣ ಪ್ರತಿಭೆ ಒಂದೇ ಅಲ್ಲ. 2014ರ ಜುಲೈಯಿಂದ ಬ್ರಿಟನ್ನಿನ ಹಾಡುಗಳ ಪಟ್ಟಿಗೆ ಸ್ಟ್ರೀಮಿಂಗ್ ಕೂಡ ಲೆಕ್ಕಕ್ಕೆ ಬಂತು. ರೇಡಿಯೊ ಕೇಳದ, ಸಿಡಿ ಕೊಳ್ಳದ ಹುಡುಗರು ಫೋನಿನಲ್ಲಿ ಏನು ಕೇಳುತ್ತಿದ್ದರೋ ಅದು ಒಮ್ಮೆಗೇ ಎಲ್ಲರ ಕಣ್ಣಿಗೆ ಬಿತ್ತು. ಕೆನಡಾದ ರ‍್ಯಾಪ್ ತಾರೆ ಡ್ರೇಕ್ ಸ್ಕೆಪ್ಟಾನ ಬೆನ್ನಿಗೆ ನಿಂತ, ನಿಂತುಹೋಗಿದ್ದ ‘ಟಾಪ್ ಬಾಯ್’ ಅನ್ನು 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ತರಲು ನೆರವಾದ. ಉಳಿದದ್ದನ್ನು ಆ ಸರಣಿಯೇ ಮಾಡಿತು.

ಇಷ್ಟೆಲ್ಲ ಓದಿದ ಮೇಲೂ ‘ಇಂದು ಸಂಜೆ ಯಾವುದು ಹಾಕಲಿ’ ಎನ್ನುವವರಿಗೆ ನನ್ನದೊಂದು ಕ್ರಮವಿದೆ. ‘ಕಾಕ್ನಿ ಟ್ರಾನ್ಸ್‌ಲೇಷನ್’ ಕೇಳಿ ನಗಿ. ‘ವಿಟ್ನೆಸ್’ನ ವಿಡಿಯೊ ನೋಡಿ. ಎದ್ದು ನಿಂತು ‘ಶಟ್ ಅಪ್’ ಕೇಳಿ. ಊಟವಾದ ಮೇಲೆ ದೀಪ ಆರಿಸಿ ‘ಸೈಕೋಡ್ರಾಮಾ’ ಪೂರ್ತಿ ಕೇಳಿ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಡ್ರಿಲ್ ನಾಳೆಗಿರಲಿ, ಹಗಲು ಹೊತ್ತಿನಲ್ಲಿ, ಕಣ್ಣು ಬಿಟ್ಟುಕೊಂಡು.